ಬೆರಳು ಪುಟದ ಮೇಲಿರಲಿ: ‘ದಿ ಗ್ರೇಟ್ ಗ್ಯಾಟ್ಸ್‌ಬಿ’ಯನ್ನು ಗುಂಪು ಚರ್ಚೆಯಲ್ಲಿ ಕಲಿಸುವ ಸಮಗ್ರ ಮಾರ್ಗದರ್ಶಿ

ಕಾದಂಬರಿಯ ಮೇಲಿನ ಗುಂಪು ಚರ್ಚೆ ಕೆಡುವುದಕ್ಕೆ ಬಹುಮಟ್ಟಿಗೆ ಒಂದೇ ಕಾರಣ: ಪುಸ್ತಕ ಮುಚ್ಚಿರುತ್ತದೆ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಮಾತು ‘ದುಡ್ಡಿದ್ದರೆ ಸುಖ ಇರುತ್ತದೆಯೇ’ ಎಂಬಲ್ಲಿಗೆ ಬಂದು ಕೂರುತ್ತದೆ. ಆ ಪ್ರಶ್ನೆಗೆ ಫಿಟ್ಸ್‌ಜೆರಾಲ್ಡ್ ಯಾಕೆ ಬೇಕು? ಬಸ್‌ಸ್ಟ್ಯಾಂಡಿನಲ್ಲೂ ಮಾತಾಡಬಹುದು. ಆದ್ದರಿಂದ ಈ ಮಾರ್ಗದರ್ಶಿಯ ಎಲ್ಲ ಹಂತಗಳೂ ಒಂದು ನಿಯಮದ ಸುತ್ತ ಇವೆ. ಯಾರು ಏನೇ ಹೇಳಲಿ, ಹೇಳುವಾಗ ಅವರ ಬೆರಳು ಪುಟದ ಒಂದು ಸಾಲಿನ ಮೇಲಿರಬೇಕು. ಮೊದಲ ದಿನವೇ ಇದನ್ನು ಬೋರ್ಡಿನ ಮೂಲೆಯಲ್ಲಿ ಬರೆದುಬಿಡಿ, ಮೂರು ವಾರ ಅಳಿಸಬೇಡಿ.

ಯಾವ ಪ್ರತಿ, ಎಷ್ಟು ಉದ್ದ

ಎಫ್. ಸ್ಕಾಟ್ ಫಿಟ್ಸ್‌ಜೆರಾಲ್ಡ್ ಬರೆದ ಈ ಕಾದಂಬರಿ 1925ರ ಏಪ್ರಿಲ್ 10ರಂದು ನ್ಯೂಯಾರ್ಕಿನಲ್ಲಿ ಪ್ರಕಟವಾಯಿತು. ಒಂಬತ್ತೇ ಅಧ್ಯಾಯ, 50 ಸಾವಿರಕ್ಕಿಂತ ಕಡಿಮೆ ಪದ. ಅಮೆರಿಕದ ಹೈಸ್ಕೂಲುಗಳಲ್ಲಿ ಹೆಚ್ಚಾಗಿ 11ನೇ ತರಗತಿಯಲ್ಲಿ, ಅಂದರೆ 16–17 ವಯಸ್ಸಿನವರಿಗೆ, ಓದಿಸುತ್ತಾರೆ. ಚರ್ಚೆಗೆ ಇದು ಹೇಳಿ ಮಾಡಿಸಿದ ಪುಸ್ತಕವಾಗುವುದು ಗಾತ್ರ ಚಿಕ್ಕದೆಂಬುದಕ್ಕಿಂತ ಹೆಚ್ಚಾಗಿ ನಿರೂಪಕನಿಂದ. ಹೊಸ ಶ್ರೀಮಂತ ಗ್ಯಾಟ್ಸ್‌ಬಿ ತನ್ನ ಹಳೆಯ ಪ್ರೇಯಸಿ, ಈಗ ಟಾಮ್‌ನ ಹೆಂಡತಿಯಾಗಿರುವ ಡೈಸಿಯನ್ನು ಮತ್ತೆ ಪಡೆಯಲು ಹೊರಟ ಕಥೆ ಇದು. ನೆರೆಮನೆಯ ನಿಕ್ ಕ್ಯಾರವೇ ಎಲ್ಲವನ್ನೂ ಕಂಡವನಂತೆ ಹೇಳುತ್ತಾನೆ, ಆದರೆ ಅವನನ್ನು ಎಷ್ಟು ನಂಬಬೇಕೆಂಬುದು ಕೊನೆಯ ಪುಟದವರೆಗೂ ಇತ್ಯರ್ಥವಾಗುವುದಿಲ್ಲ. ಒಳ್ಳೆಯ ಜಗಳಕ್ಕೆ ಇಷ್ಟು ಸಾಕು.

ಲೇಖಕ ತೀರಿಕೊಂಡದ್ದು 1940ರ ಡಿಸೆಂಬರಿನಲ್ಲಿ. ಭಾರತದಲ್ಲಿ ಕೃತಿಸ್ವಾಮ್ಯ ಲೇಖಕ ತೀರಿದ ನಂತರ 60 ವರ್ಷ. ಅದು ಎಂದೋ ಮುಗಿದಿದೆ. ಅಮೆರಿಕದಲ್ಲಿ 2021ರ ಜನವರಿ 1ರಿಂದ ಪುಸ್ತಕ ಎಲ್ಲರ ಸ್ವತ್ತು. ಹಾಗಾಗಿ ಬೇಕಾದ ಅಧ್ಯಾಯವನ್ನು ಜೆರಾಕ್ಸ್ ಮಾಡಿ ಹಂಚಬಹುದು, ಅಂಚಿನಲ್ಲಿ ದೊಡ್ಡ ಜಾಗ ಬಿಟ್ಟು ನೀವೇ ಪ್ರಿಂಟ್ ಹಾಕಿಸಬಹುದು. ತೊಂದರೆ ಬರುವುದು ಬೇರೆ ಕಡೆ. ಒಬ್ಬನ ಬಳಿ ಒಂದು ಪ್ರಕಾಶನದ ಪ್ರತಿ, ಇನ್ನೊಬ್ಬಳ ಕೈಯಲ್ಲಿ ಮೊಬೈಲು. ‘47ನೇ ಪುಟ ನೋಡಿ’ ಎಂದರೆ ಅರ್ಧ ಕ್ಲಾಸು ಹುಡುಕುತ್ತ ಕೂರುತ್ತದೆ, ಬಿಸಿ ಆರಿಹೋಗುತ್ತದೆ. ಪರಿಹಾರ ಸುಲಭ. ಪ್ರತಿ ಅಧ್ಯಾಯ ಶುರುವಾಗುವ ಮುನ್ನ ಎಲ್ಲರೂ ಪೆನ್ಸಿಲ್ಲಿನಲ್ಲಿ ಪ್ಯಾರಾಗಳನ್ನು ಎಣಿಸಿ ಪ್ರತಿ ಹತ್ತನೆಯದಕ್ಕೆ ಅಂಚಿನಲ್ಲಿ ಸಂಖ್ಯೆ ಹಾಕಲಿ. ಸಂಭಾಷಣೆಯ ಒಂದೊಂದು ಹೊಸ ಸಾಲೂ ಒಂದು ಪ್ಯಾರಾ. ಆಮೇಲೆ ‘3ನೇ ಅಧ್ಯಾಯ, 60ರ ಹತ್ತಿರ’ ಎಂದರೆ ಎಲ್ಲರಿಗೂ ಒಂದೇ ಜಾಗ ಸಿಗುತ್ತದೆ. ಕ್ಲಾಸಿನಲ್ಲಿ ಮಾಡಿಸಬೇಡಿ, ಮನೆಗೆಲಸಕ್ಕೆ ಕೊಡಿ. ಎಣಿಸುವ ನೆಪದಲ್ಲಿ ಒಮ್ಮೆ ಪುಟಗಳ ಮೇಲೆ ಕಣ್ಣಾದರೂ ಹಾಯುತ್ತದೆ.

ಹದಿನೈದು ಪೀರಿಯಡ್‌ಗಳ ಲೆಕ್ಕ

48 ನಿಮಿಷದ ಪೀರಿಯಡ್, 28 ವಿದ್ಯಾರ್ಥಿಗಳು ಎಂದು ಹಿಡಿದು ಲೆಕ್ಕ ಹಾಕಿದೆ. ದಿನಕ್ಕೊಂದರಂತೆ ಮೂರು ವಾರ.

1ನೇ ದಿನ: ಹಿನ್ನೆಲೆ, ಮೊದಲ ನಾಲ್ಕು ಪ್ಯಾರಾ ಗಟ್ಟಿಯಾಗಿ ಓದುವುದು
2 ಮತ್ತು 3: ಅಧ್ಯಾಯ 1, ಅಧ್ಯಾಯ 2
4 ಮತ್ತು 5: ಅಧ್ಯಾಯ 3, ಅದೇ ಅಧ್ಯಾಯದ ಕೊನೆಯ ಪುಟಗಳು ಮತ್ತೊಮ್ಮೆ
6, 7, 8: ಅಧ್ಯಾಯ 4, 5, 6
9, 10, 11: ಅಧ್ಯಾಯ 7
12 ಮತ್ತು 13: ಅಧ್ಯಾಯ 8, ಅಧ್ಯಾಯ 9
14: ಇಡೀ ತರಗತಿಯ ಚರ್ಚೆ
15: ಬರವಣಿಗೆ

7ನೇ ಅಧ್ಯಾಯಕ್ಕೆ ಮೂರು ದಿನ ಯಾಕೆ ಎಂದರೆ ಪುಸ್ತಕದ ಅತಿ ಉದ್ದದ ಅಧ್ಯಾಯ ಅದು, ಸುಮಾರು ಐದನೇ ಒಂದು ಭಾಗ. ಪ್ಲಾಜಾ ಹೋಟೆಲಿನ ಜಗಳ, ರಸ್ತೆ ಅಪಘಾತ ಎರಡೂ ಅದರಲ್ಲೇ ಇವೆ. ಒಂದೇ ರಾತ್ರಿಗೆ ಓದಲು ಕೊಟ್ಟರೆ ಮಾರನೆಯ ದಿನ ಅರ್ಧ ಜನ ಸಾರಾಂಶ ಓದಿಕೊಂಡು ಬರುತ್ತಾರೆ. ಪ್ಲಾಜಾದಿಂದ ಹೊರಡುವಲ್ಲಿಗೆ ಕಡಿದು ಎರಡು ರಾತ್ರಿಗೆ ಹಂಚಿ.

ಸಮಯ ಕಡಿಮೆ ಬಿದ್ದರೆ 8ನೇ ಅಧ್ಯಾಯಕ್ಕೆ ಅರ್ಧ ಪೀರಿಯಡ್ ಸಾಕು. 3ನೇ ಅಧ್ಯಾಯದ ಎರಡನೆಯ ದಿನಕ್ಕೆ ಮಾತ್ರ ಕೈ ಹಾಕಬೇಡಿ.

ಮೊದಲ ದಿನ ಹೇಳಬೇಕಾದ್ದು, ಹೇಳಬಾರದ್ದು

ಹಿನ್ನೆಲೆಗೆ 12 ನಿಮಿಷ ಮೀರಬಾರದು. ನಾಲ್ಕು ಸಂಗತಿ ಸಾಕು. ಒಂದು, ಪಾನನಿಷೇಧ: ಅಮೆರಿಕದಲ್ಲಿ 1920ರ ಜನವರಿಯಿಂದ 1933ರ ಡಿಸೆಂಬರಿನವರೆಗೆ ಮದ್ಯ ತಯಾರಿಕೆ, ಮಾರಾಟ ಅಪರಾಧ. ಕಥೆ ನಡೆಯುವುದು 1922ರ ಬೇಸಿಗೆಯಲ್ಲಿ. ಹಾಗಾದರೆ ಗ್ಯಾಟ್ಸ್‌ಬಿಯ ಪಾರ್ಟಿಯಲ್ಲಿ ಹರಿಯುವ ಮದ್ಯ ಎಲ್ಲಿಂದ ಬಂತು? ಉತ್ತರ ಹೇಳಬೇಡಿ, 7ನೇ ಅಧ್ಯಾಯದಲ್ಲಿ ಔಷಧಿ ಅಂಗಡಿಗಳ ವಿಷಯ ಬಂದಾಗ ಅವರೇ ಹಿಡಿಯುತ್ತಾರೆ. ಎರಡು, 1919ರ ಬೇಸ್‌ಬಾಲ್ ವರ್ಲ್ಡ್ ಸೀರೀಸ್‌ನಲ್ಲಿ ದುಡ್ಡು ತಿಂದು ಸೋತ ಹಗರಣ. 4ನೇ ಅಧ್ಯಾಯದ ಜೂಜುಕೋರ ವುಲ್ಫ್‌ಶೈಮ್‌ನನ್ನು ಅರ್ಥಮಾಡಿಕೊಳ್ಳಲು ಅದು ಬೇಕು. ನಮ್ಮ ಮಕ್ಕಳಿಗಾದರೆ ಕ್ರಿಕೆಟ್ಟಿನ ಮ್ಯಾಚ್ ಫಿಕ್ಸಿಂಗ್ ಎಂದರೆ ಮುಗಿಯಿತು. ಮೂರು, ನಕ್ಷೆ: ಲಾಂಗ್ ಐಲೆಂಡಿನಿಂದ ನೀರಿಗೆ ಚಾಚಿದ ಎರಡು ತುದಿಗಳು, ಅತ್ತ ಹಳೆಯ ದುಡ್ಡಿನವರ ಈಸ್ಟ್ ಎಗ್, ಇತ್ತ ಹೊಸ ದುಡ್ಡಿನವರ ವೆಸ್ಟ್ ಎಗ್, ನಡುವೆ ಕೊಲ್ಲಿ, ನ್ಯೂಯಾರ್ಕಿಗೆ ಹೋಗುವ ದಾರಿಯಲ್ಲಿ ಬೂದಿಯ ಕಣಿವೆ. ಈ ಬೂದಿ ಕಲ್ಪನೆಯಲ್ಲ. ಕ್ವೀನ್ಸ್‌ನ ಕರೋನಾದಲ್ಲಿ ನಗರದ ಬೂದಿಯನ್ನು ಗುಡ್ಡೆ ಹಾಕುತ್ತಿದ್ದರು. ಅದನ್ನು ಸಮ ಮಾಡಿ 1939ರ ವಿಶ್ವ ಮೇಳ ನಡೆಸಿದರು, ಈಗ ಅಲ್ಲೊಂದು ದೊಡ್ಡ ಉದ್ಯಾನವಿದೆ. ನಕ್ಷೆಯನ್ನು ಬೋರ್ಡಿನ ಮೇಲೆ ನೀವು ಬರೆಯಬೇಡಿ, 2ನೇ ಅಧ್ಯಾಯ ಓದಿದ ಮೇಲೆ ಗುಂಪುಗಳೇ ಬರೆಯಲಿ. ನಾಲ್ಕು, ದುಡ್ಡಿನ ಬೆಲೆ. ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಲೆಕ್ಕ ಮಾಡಿಸಿ. ನಿಕ್‌ನ ಮನೆ ಬಾಡಿಗೆ ತಿಂಗಳಿಗೆ 80 ಡಾಲರ್ (ಅಧ್ಯಾಯ 1). ಮದುವೆಯ ಹಿಂದಿನ ದಿನ ಟಾಮ್ ಡೈಸಿಗೆ ಕೊಟ್ಟ ಮುತ್ತಿನ ಸರ 3,50,000 ಡಾಲರ್ (ಅಧ್ಯಾಯ 4). ಭಾಗಿಸಿದರೆ ನಿಕ್‌ಗೆ 364 ವರ್ಷದ ಬಾಡಿಗೆ. 4ನೇ ಅಧ್ಯಾಯಕ್ಕೆ ಬಂದ ದಿನ ಈ ಭಾಗಾಕಾರ ಬೋರ್ಡಿನ ಮೇಲೆ ನಡೆದರೆ ಗಣಿತ ಬೇಡವೆಂದು ಸಾಹಿತ್ಯಕ್ಕೆ ಬಂದವರೂ ಎದ್ದು ಕೂರುತ್ತಾರೆ.

‘ಅಮೆರಿಕನ್ ಡ್ರೀಮ್’ (ಯಾರು ಬೇಕಾದರೂ ದುಡಿದು ಮೇಲೇರಬಹುದೆಂಬ ನಂಬಿಕೆ) ಎಂಬ ಮಾತನ್ನು ಮೊದಲ ದಿನ ಬಾಯಿಂದ ಹೊರಡಿಸಬೇಡಿ. ಒಮ್ಮೆ ಹೇಳಿದಿರೋ, ಮುಂದಿನ ಹದಿನಾಲ್ಕು ದಿನ ಪ್ರತಿ ಪ್ರಶ್ನೆಗೂ ಅದೇ ಉತ್ತರ. ಹಸಿರು ದೀಪ? ಅಮೆರಿಕನ್ ಡ್ರೀಮ್. ಶರ್ಟುಗಳು? ಅಮೆರಿಕನ್ ಡ್ರೀಮ್. 6ನೇ ಅಧ್ಯಾಯದಲ್ಲಿ ನಾರ್ತ್ ಡಕೋಟಾದ ಬಡ ರೈತರ ಮಗ ಜೇಮ್ಸ್ ಗ್ಯಾಟ್ಜ್ 17ನೇ ವಯಸ್ಸಿನಲ್ಲಿ ತನ್ನ ಹೆಸರನ್ನೇ ಬದಲಿಸಿಕೊಳ್ಳುವ ಜಾಗಕ್ಕೆ ಬಂದಾಗ ಮಾತು ತಾನಾಗಿ ಬರುತ್ತದೆ. ಆಗ ಕೇಳಿ: ‘ಈ ಮಾತು ಪುಸ್ತಕದಲ್ಲಿ ಎಲ್ಲಿದೆ, ತೋರಿಸಿ.’ ಎಲ್ಲಿಯೂ ಇಲ್ಲ. ಚರ್ಚೆ ಅಲ್ಲಿಂದ ಚುರುಕಾಗುತ್ತದೆ.

ಗುಂಪು ಕಟ್ಟುವುದು

ನಾಲ್ಕು ಜನ. ಐದಾದರೂ ನಡೆದೀತು, ಆರಾದರೆ ಗುಂಪು ತಾನಾಗಿ ಇಬ್ಬಾಗವಾಗುತ್ತದೆ, ಒಬ್ಬರು ಕಿಟಕಿ ಕಡೆ ನೋಡುತ್ತ ಕೂರುತ್ತಾರೆ. ಮೂರೇ ಇದ್ದರೆ ಒಬ್ಬರು ಗೈರಾದ ದಿನ ಉಳಿಯುವುದು ಇಬ್ಬರ ಹರಟೆ. 28 ಜನಕ್ಕೆ ಏಳು ಗುಂಪು. ಗೆಳೆಯರನ್ನೇ ಒಟ್ಟಿಗೆ ಕೂರಿಸಬೇಡಿ, ಹಾಗೆಂದು ಚೀಟಿ ಎತ್ತುವುದೂ ಬೇಡ. ಪ್ರತಿ ಗುಂಪಿನಲ್ಲಿ ಸುಲಭವಾಗಿ ಮಾತಾಡುವವರು ಒಬ್ಬರು, ನಿಧಾನವಾಗಿ ಓದಿದರೂ ಚೆನ್ನಾಗಿ ಗಮನಿಸುವವರು ಒಬ್ಬರು ಇರುವಂತೆ ನೀವೇ ಕೂತು ಪಟ್ಟಿ ಮಾಡಿ. 6ನೇ ಅಧ್ಯಾಯದ ಹೊತ್ತಿಗೆ ಒಮ್ಮೆ ಗುಂಪು ಬದಲಿಸಿ. ಅಷ್ಟರಲ್ಲಿ ಪ್ರತಿ ಗುಂಪಿಗೂ ತನ್ನದೇ ಆದ ಒಂದು ಅಭಿಪ್ರಾಯ ಗಟ್ಟಿಯಾಗಿರುತ್ತದೆ. ಅದನ್ನು ಒಡೆಯದಿದ್ದರೆ ಉಳಿದ ಪುಸ್ತಕವನ್ನು ಅದೇ ಕನ್ನಡಕ ಹಾಕಿಕೊಂಡು ಓದುತ್ತಾರೆ.

ನ್ಯೂ ಹ್ಯಾಂಪ್‌ಶೈರಿನ ಫಿಲಿಪ್ಸ್ ಎಕ್ಸೆಟರ್ ಅಕಾಡೆಮಿಯಲ್ಲಿ 1930ರಲ್ಲಿ ಎಡ್ವರ್ಡ್ ಹಾರ್ಕ್‌ನೆಸ್ ಎಂಬ ಶ್ರೀಮಂತ ಕೊಟ್ಟ ದೇಣಿಗೆಯಿಂದ ಅಂಡಾಕಾರದ ಮೇಜಿನ ಸುತ್ತ ಹನ್ನೆರಡು ಮಂದಿಯನ್ನು ಕೂರಿಸಿ ಪಾಠ ಮಾಡುವ ಪದ್ಧತಿ ಬಂತು. ಹನ್ನೆರಡು ಜನಕ್ಕೆ ಅದು ಸೊಗಸು. 28 ಜನರನ್ನು ಒಂದೇ ವೃತ್ತದಲ್ಲಿ ಕೂರಿಸಿ ಅದೇ ಫಲ ಬಯಸಿದರೆ ಐದಾರು ಮಂದಿ ಮಾತಾಡುತ್ತಾರೆ, ಉಳಿದವರು ಸಭಿಕರು. ಮೊದಲು ಚಿಕ್ಕ ಗುಂಪು, ಆಮೇಲೆ ದೊಡ್ಡ ವೃತ್ತ ಎನ್ನುವ ಕ್ರಮ ಅದಕ್ಕೇ.

ಕೆಲಸ ಹಂಚಿಕೆಯ ಬಗ್ಗೆ ಒಂದು ಮಾತು. ಸಾಲು ಹುಡುಕುವವರು, ಪ್ರಶ್ನೆ ಕೇಳುವವರು, ಎದುರುವಾದ ಹೂಡುವವರು, ವರದಿ ಹೇಳುವವರು ಎಂದು ನಾಲ್ಕು ಪಾತ್ರ ಕೊಟ್ಟರೆ ಮೊದಲ ವಾರ ಅನುಕೂಲ. ಎರಡನೆಯ ವಾರದಿಂದ ಕಿತ್ತುಹಾಕಿ. ಇಲ್ಲದಿದ್ದರೆ ಪ್ರತಿಯೊಬ್ಬರೂ ತಮ್ಮ ಪಾಲಿನ ಚೀಟಿ ಓದಿ ಸುಮ್ಮನಾಗುತ್ತಾರೆ. ಇಂಥ ಓದು-ವೃತ್ತಗಳನ್ನು ಅಮೆರಿಕದಲ್ಲಿ ಜನಪ್ರಿಯಗೊಳಿಸಿದ ಹಾರ್ವೆ ಡೇನಿಯಲ್ಸ್ ಅವರೇ ಮುಂದೆ ಪಾತ್ರಚೀಟಿಗಳು ಯಾಂತ್ರಿಕವಾಗುತ್ತವೆ ಎಂದು ಎಚ್ಚರಿಸಿದ್ದರು.

ಬಾಗಿಲ ಚೀಟಿ

ಪ್ರತಿ ಪಾಠಕ್ಕೂ ಮುನ್ನ ಅರ್ಧ ಹಾಳೆಯಲ್ಲಿ ಮೂರು ಸಂಗತಿ ಬರೆದು ತರಬೇಕು: ಆ ಅಧ್ಯಾಯದಿಂದ ಒಂದು ವಾಕ್ಯ, ಪ್ಯಾರಾ ಸಂಖ್ಯೆ ಸಮೇತ, ಆ ವಾಕ್ಯದ ಬಗ್ಗೆ ತನಗೆ ನಿಜಕ್ಕೂ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ, ಒಂದು ಊಹೆ. ಒಳಗೆ ಬರುವಾಗ ಬಾಗಿಲಲ್ಲೇ ತೋರಿಸಬೇಕು. ಚೀಟಿ ಇಲ್ಲದವರಿಗೆ ಶಿಕ್ಷೆ ಬೇಡ. ಹಿಂದಿನ ಬೆಂಚಿನಲ್ಲಿ ಕೂತು ಹತ್ತು ನಿಮಿಷದಲ್ಲಿ ಚೀಟಿ ಬರೆದು ಆಮೇಲೆ ಗುಂಪು ಸೇರಲಿ. ಓದದೆ ಬಂದವರನ್ನು ನೇರ ಗುಂಪಿಗೆ ಬಿಟ್ಟರೆ ಉಳಿದವರ ಸಮಯ ಕಥೆ ಹೇಳುವುದರಲ್ಲೇ ಹೋಗುತ್ತದೆ.

ಸ್ಪಾರ್ಕ್‌ನೋಟ್ಸ್, ಗೈಡು, ಎಐ ಸಾರಾಂಶ ನೋಡಿ ಬರೆದ ಚೀಟಿ ಪತ್ತೆ ಮಾಡುವುದು ಕಷ್ಟವಲ್ಲ. ಅದರಲ್ಲಿ ಪ್ರಸಿದ್ಧ ವಾಕ್ಯವೇ ಇರುತ್ತದೆ, ಪ್ರಶ್ನೆ ಸಂಕೇತದ ಬಗ್ಗೆಯೇ ಇರುತ್ತದೆ. ನಿಜವಾಗಿ ಓದಿದವರ ಚೀಟಿಯಲ್ಲಿ ವಿಚಿತ್ರ ಚಿಕ್ಕ ವಿಷಯ ಸಿಗುತ್ತದೆ: ಗ್ಯಾಟ್ಸ್‌ಬಿಯ ಗ್ರಂಥಾಲಯದ ಪುಸ್ತಕಗಳ ಹಾಳೆ ಯಾಕೆ ಕತ್ತರಿಸಿ ಬಿಡಿಸಿಲ್ಲ, ವುಲ್ಫ್‌ಶೈಮ್‌ನ ತೋಳಿನ ಗುಂಡಿ ಮನುಷ್ಯರ ದವಡೆ ಹಲ್ಲಿನದು ಯಾಕೆ. ಅಂಥದ್ದನ್ನೇ ಎತ್ತಿ ಆ ದಿನದ ಮೊದಲ ಪ್ರಶ್ನೆ ಮಾಡಿ. ಎರಡು ದಿನದಲ್ಲಿ ಉಳಿದವರಿಗೂ ಯಾವ ಬಗೆಯ ಪ್ರಶ್ನೆಗೆ ಬೆಲೆ ಎಂದು ಗೊತ್ತಾಗುತ್ತದೆ.

ಸಿನಿಮಾ ನೋಡಿ ಬಂದವರನ್ನು ಹಿಡಿಯಲು ಇನ್ನೂ ಸುಲಭ ದಾರಿ ಇದೆ. 2013ರ ಬಾಜ್ ಲರ್‌ಮನ್ ಚಿತ್ರದಲ್ಲಿ ನಿಕ್ ಆರೋಗ್ಯಧಾಮವೊಂದರಲ್ಲಿ ಕೂತು ಈ ಕಥೆ ಬರೆಯುತ್ತಾನೆ. ಕಾದಂಬರಿಯಲ್ಲಿ ಅಂಥದ್ದೇನೂ ಇಲ್ಲ. ಕಾದಂಬರಿಯ ಕೊನೆಗೆ ಬರುವ ಗ್ಯಾಟ್ಸ್‌ಬಿಯ ತಂದೆ ಆ ಚಿತ್ರದಲ್ಲಿ ಬರುವುದೇ ಇಲ್ಲ. ‘ಅಂತ್ಯಕ್ರಿಯೆಗೆ ಯಾರ್‍ಯಾರು ಬಂದರು?’ ಎಂದು ಕೇಳಿದರೆ ಸಾಕು. (ವುಲ್ಫ್‌ಶೈಮ್ ಪಾತ್ರದಲ್ಲಿ ಅಮಿತಾಭ್ ಬಚ್ಚನ್ ಇದ್ದಾರೆ ಎಂಬುದೂ ನಮ್ಮ ಮಕ್ಕಳಿಗೆ ಆ ಚಿತ್ರ ನೋಡಲು ಒಂದು ನೆಪ. ನೋಡಲಿ, ಪುಸ್ತಕ ಮುಗಿದ ಮೇಲೆ.)

ಪ್ರಶ್ನೆ ಹದ ಮಾಡುವುದು

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದ್ದು ಇಲ್ಲಿ. ಕೆಲವು ಪ್ರಶ್ನೆಗಳಿಗೆ ಒಂದೇ ಉತ್ತರ: ಟಾಮ್‌ನ ಪ್ರೇಯಸಿ ಮರ್ಟಲ್‌ಗೆ ಡಿಕ್ಕಿ ಹೊಡೆದಾಗ ಕಾರು ಓಡಿಸುತ್ತಿದ್ದವರು ಯಾರು? ಇದನ್ನು ಬಾಗಿಲಲ್ಲೇ ಕೇಳಿ ಮುಗಿಸಿ. ಕೆಲವಕ್ಕೆ ಯಾರು ಏನು ಹೇಳಿದರೂ ಸರಿ: ಪ್ರೀತಿ ದೊಡ್ಡದೋ ದುಡ್ಡು ದೊಡ್ಡದೋ? ಇದನ್ನು ಕೇಳಲೇಬೇಡಿ. ಗುಂಪಿಗೆ ಬೇಕಾದ್ದು ಪುಸ್ತಕ ತೆರೆಯದೆ ಉತ್ತರಿಸಲಾಗದ, ತೆರೆದರೂ ಇಬ್ಬರಿಗೆ ಎರಡು ಉತ್ತರ ಹೊಳೆಯುವ ಪ್ರಶ್ನೆ.

3ನೇ ಅಧ್ಯಾಯದ ಕೊನೆಯನ್ನೇ ತೆಗೆದುಕೊಳ್ಳೋಣ. ನಿಕ್ ಹೇಳುತ್ತಾನೆ: ಪ್ರತಿಯೊಬ್ಬರಿಗೂ ತಮ್ಮಲ್ಲಿ ಒಂದಾದರೂ ಸದ್ಗುಣವಿದೆ ಎಂಬ ಗುಮಾನಿ ಇರುತ್ತದೆ, ನನ್ನದು ಇದು: ನಾನು ಕಂಡ ಕೆಲವೇ ಪ್ರಾಮಾಣಿಕರಲ್ಲಿ ನಾನೂ ಒಬ್ಬ.

‘ನಿಕ್ ಪ್ರಾಮಾಣಿಕನೇ?’ ಎಂದು ಕೇಳಿದರೆ ಕ್ಲಾಸು ಹೌದು-ಅಲ್ಲ ಎಂದು ಎರಡು ಪಂಗಡವಾಗುತ್ತದೆ, ಮೂರು ನಿಮಿಷಕ್ಕೆ ಮಾತು ಬತ್ತುತ್ತದೆ. ಹೀಗೆ ಕೇಳಿ ನೋಡಿ: ‘ಈ ಮಾತು ಬರುವ ಮುಂಚಿನ ಪ್ಯಾರಾದಲ್ಲಿ ನಿಕ್ ಏನು ಒಪ್ಪಿಕೊಂಡಿದ್ದಾನೆ? ಅದರ ಬೆನ್ನಿಗೇ ಈ ಮಾತು ಯಾಕೆ ಬಂತು?’ ಆಗ ಹಾಳೆ ತಿರುವುವ ಸದ್ದು ಕೇಳುತ್ತದೆ. ಊರಲ್ಲಿ ಬಿಟ್ಟುಬಂದ ಹುಡುಗಿಗೆ ವಾರಕ್ಕೊಂದು ಕಾಗದ ಬರೆದು ‘ಪ್ರೀತಿಯಿಂದ, ನಿಕ್’ ಎಂದು ಸಹಿ ಹಾಕುತ್ತಿದ್ದಾನೆ. ಮನಸ್ಸಿಗೆ ಬರುವುದು ಮಾತ್ರ ಟೆನಿಸ್ ಆಡುವಾಗ ಅವಳ ಮೇಲ್ದುಟಿಯ ಮೇಲೆ ಮೀಸೆಯಂತೆ ಮೂಡುವ ಬೆವರು. ಇತ್ತ ಡೈಸಿಯ ಗೆಳತಿ ಜೋರ್ಡನ್ ಬೇಕರ್ ಜೊತೆ ಓಡಾಟ ನಡೆದಿದೆ. ಚರ್ಚೆ ದಾರಿ ಹಿಡಿದರೆ ಹೆಚ್ಚುಕಡಿಮೆ ಹೀಗೆ ಕೇಳಿಸುತ್ತದೆ:

‘ಅವನೇ ಒಪ್ಕೊಂಡಿದಾನಲ್ಲ, ಅದೇ ಪ್ರಾಮಾಣಿಕತೆ ಅಲ್ವಾ?’
‘ನಮ್ಮ ಹತ್ರ ಒಪ್ಕೊಂಡಿದಾನೆ ಕಣೋ, ಆ ಹುಡುಗಿ ಹತ್ರ ಅಲ್ಲ.’
‘ಇಲ್ಲಿ ನೋಡು, ಅವನು “ಗುಮಾನಿ” ಅಂತಾನೆ. ಗುಮಾನಿ ಕಳ್ಳರ ಮೇಲಲ್ವಾ ಪಡೋದು?’
‘ಹಾಗಾದ್ರೆ ಅವನಿಗೇ ನಂಬಿಕೆ ಇಲ್ಲ ಅಂತೀಯಾ?’

ಮೂರನೆಯ ಮಾತು ಬಂದಾಗ ಮೇಷ್ಟ್ರು ಬಾಯಿ ಹಾಕಬಾರದು. ‘ಭೇಷ್’ ಎಂದರೂ ಕೆಡುತ್ತದೆ, ಯಾಕೆಂದರೆ ಹೊಗಳಿಕೆ ಬಿದ್ದ ಕೂಡಲೇ ಸರಿಯುತ್ತರ ಸಿಕ್ಕಿತೆಂದು ಉಳಿದವರು ಪೆನ್ನು ಎತ್ತುತ್ತಾರೆ. ಬೋರ್ಡಿನ ಮೇಲೆ ‘ಗುಮಾನಿ, ಅ. 3’ ಎಂದು ಬರೆದು ಸುಮ್ಮನಿರಿ. 9ನೇ ಅಧ್ಯಾಯದಲ್ಲಿ ಜೋರ್ಡನ್ ಇದೇ ಪ್ರಾಮಾಣಿಕತೆಯ ಮಾತನ್ನು ನಿಕ್‌ನ ಮುಖಕ್ಕೆ ವಾಪಸ್ ಎಸೆಯುತ್ತಾಳೆ. ನನಗೆ ಮೂವತ್ತಾಯಿತು, ನನಗೆ ನಾನೇ ಸುಳ್ಳು ಹೇಳಿಕೊಂಡು ಅದನ್ನು ಮಾನ ಎಂದು ಕರೆಯುವ ವಯಸ್ಸು ದಾಟಿ ಐದು ವರ್ಷವಾಯಿತು ಎಂದು ಅವನು ಉತ್ತರಿಸುತ್ತಾನೆ. ಬೋರ್ಡಿನ ಆ ಪದ ಆವತ್ತಿಗೆ ಬೇಕು.

ಹಸಿರು ದೀಪಕ್ಕೂ ಇದೇ ಚಿಕಿತ್ಸೆ. ‘ದೀಪ ಏನನ್ನು ಸೂಚಿಸುತ್ತದೆ?’ ಎಂಬ ಪ್ರಶ್ನೆಗೆ ಗೈಡಿನಲ್ಲಿ ಉತ್ತರ ಸಿದ್ಧವಿದೆ. ಡೈಸಿಯ ಮನೆಯ ದಕ್ಕೆಯ ಆ ದೀಪ ಬರುವುದು 1, 5 ಮತ್ತು 9ನೇ ಅಧ್ಯಾಯಗಳಲ್ಲಿ. 5ನೆಯದರಲ್ಲಿ ಡೈಸಿ ಪಕ್ಕದಲ್ಲೇ ನಿಂತಿದ್ದಾಳೆ. ಗ್ಯಾಟ್ಸ್‌ಬಿಯ ಮಾಯಾವಸ್ತುಗಳ ಲೆಕ್ಕದಲ್ಲಿ ಒಂದು ಕಡಿಮೆಯಾಯಿತು ಎಂದು ನಿಕ್ ಬರೆಯುತ್ತಾನೆ. ಹಾಗಾದರೆ ಪ್ರಶ್ನೆ: ‘ಅಲ್ಲಿ ಬರೀ ದೀಪವಾಗಿ ಉಳಿದದ್ದು ಕೊನೆಯ ಪುಟದಲ್ಲಿ ಮತ್ತೆ ಯಾಕೆ ಹೊತ್ತಿಕೊಂಡಿತು? ಹೊತ್ತಿಸಿದವರು ಗ್ಯಾಟ್ಸ್‌ಬಿಯೋ ನಿಕ್ಕೋ?’

48 ನಿಮಿಷ

ಮೊದಲ 5 ನಿಮಿಷ ಚೀಟಿ, ಹಾಜರಾತಿ. ಮುಂದಿನ 5 ಗಟ್ಟಿ ಓದು: ಆ ದಿನದ ಮುಖ್ಯ ಅರ್ಧ ಪುಟ, ಅಷ್ಟೇ. 5ನೇ ಅಧ್ಯಾಯದ ದಿನ ಗ್ಯಾಟ್ಸ್‌ಬಿ ಮತ್ತು ಡೈಸಿ ಐದು ವರ್ಷದ ನಂತರ ನಿಕ್‌ನ ಕೋಣೆಯಲ್ಲಿ ಎದುರಾಗುವ ಭಾಗ ತೆಗೆಯಿರಿ. ನಾಲ್ವರು ಓದಲಿ: ನಿರೂಪಣೆ, ನಿಕ್, ಗ್ಯಾಟ್ಸ್‌ಬಿ, ಡೈಸಿ. ಗ್ಯಾಟ್ಸ್‌ಬಿಯ ತಲೆ ತಾಗಿ ಕೆಟ್ಟುಹೋದ ಗಡಿಯಾರ ವಾಲುತ್ತದೆ, ನಡುಗುವ ಬೆರಳಲ್ಲಿ ಹಿಡಿದು ಸ್ವಸ್ಥಾನಕ್ಕೆ ಇಡುತ್ತಾನೆ. ಬೀಳಲೇ ಇಲ್ಲ, ಆದರೂ ಅದು ನೆಲಕ್ಕೆ ಬಿದ್ದು ಚೂರಾಯಿತು ಎಂದೇ ಒಂದು ಕ್ಷಣ ಎಲ್ಲರೂ ನಂಬಿದೆವು ಎನ್ನುತ್ತಾನೆ ನಿಕ್. ಗಟ್ಟಿಯಾಗಿ ಓದದಿದ್ದರೆ ಈ ಭಾಗದ ನಗೆಯೂ ಸಂಕೋಚವೂ ಕೈಗೆ ಸಿಗುವುದಿಲ್ಲ.

ನಂತರ 18 ನಿಮಿಷ ಗುಂಪು. ಒಂದೇ ಪ್ರಶ್ನೆ ಕೊಡಿ, ಹೆಚ್ಚೆಂದರೆ ಎರಡು. ಆರು ಪ್ರಶ್ನೆಯ ಹಾಳೆ ಹಂಚಿದರೆ ಅದು ಚರ್ಚೆಯಾಗುವುದಿಲ್ಲ, ಫಾರಂ ತುಂಬುವ ಕೆಲಸವಾಗುತ್ತದೆ. ಆಮೇಲೆ 14 ನಿಮಿಷ ಇಡೀ ಕ್ಲಾಸು. ಪ್ರತಿ ಗುಂಪೂ ವರದಿ ಒಪ್ಪಿಸುವ ಕ್ರಮ ಬೇಡ; ಏಳು ವರದಿ ಕೇಳುವಷ್ಟರಲ್ಲಿ ನಾಲ್ಕನೆಯದಕ್ಕೇ ಕಣ್ಣು ಮುಚ್ಚುತ್ತವೆ. ‘ನಿಮ್ಮ ಗುಂಪಿನಲ್ಲಿ ಒಮ್ಮತ ಆಗದ ವಿಷಯ ಯಾವುದು?’ ಎಂದು ಒಂದು ಗುಂಪಿಗೆ ಕೇಳಿ, ಉಳಿದವರು ಅದಕ್ಕೆ ಸೇರಿಕೊಳ್ಳಲಿ. ಕೊನೆಯ 6 ನಿಮಿಷ ಮೌನ ಬರವಣಿಗೆ: ಇವತ್ತು ನನ್ನ ಅಭಿಪ್ರಾಯ ಎಲ್ಲಿ ಬದಲಾಯಿತು, ಯಾವ ಸಾಲಿನಿಂದ? ಬದಲಾಗದಿದ್ದರೆ ಯಾವ ಸಾಲು ಅದನ್ನು ಗಟ್ಟಿ ಮಾಡಿತು?

ಈ ಹೊತ್ತಿನಲ್ಲಿ ಮೇಷ್ಟ್ರ ಕೆಲಸ ಕೇಳುವುದು, ಗುರುತು ಹಾಕಿಕೊಳ್ಳುವುದು. ಒಂದು ಹಾಳೆಯಲ್ಲಿ ವೃತ್ತ ಬರೆದು ಸುತ್ತ ಹೆಸರಿನ ಮೊದಲಕ್ಷರ ಬರೆಯಿರಿ. ಒಬ್ಬರಾದ ಮೇಲೆ ಇನ್ನೊಬ್ಬರು ಮಾತಾಡಿದಂತೆ ಗೆರೆ ಎಳೆಯುತ್ತ ಹೋಗಿ; ಸಾಲು ತೋರಿಸಿ ಮಾತಾಡಿದರೆ ಚುಕ್ಕೆ. ಗೆರೆಗಳೆಲ್ಲ ನಿಮ್ಮ ಕಡೆಗೇ ಬರುತ್ತಿದ್ದರೆ ಅದು ಪ್ರಶ್ನೋತ್ತರ, ಚರ್ಚೆಯಲ್ಲ. ಆ ಹಾಳೆಯನ್ನು ಮಾರನೆಯ ದಿನ ಮಕ್ಕಳಿಗೇ ತೋರಿಸಿ, ಉಪದೇಶಕ್ಕಿಂತ ಬೇಗ ನಾಟುತ್ತದೆ.

ಪ್ರಶ್ನೆ ಕೇಳಿದ ಮೇಲೆ ಕಾಯುವುದು ಹೇಳಿದಷ್ಟು ಸುಲಭವಲ್ಲ. 1970ರ ದಶಕದಲ್ಲಿ ಮೇರಿ ಬಡ್ ರೋ ನಡೆಸಿದ ಅಧ್ಯಯನಗಳಲ್ಲಿ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಿದ್ದರು; ಮೂರು ಸೆಕೆಂಡು ದಾಟಿ ಕಾದಾಗ ಉತ್ತರಗಳು ಉದ್ದವಾದವು, ಸುಮ್ಮನಿದ್ದವರೂ ಮಾತಾಡಿದರು. ಕಾದಂಬರಿಯ ಪ್ರಶ್ನೆಗೆ ಮೂರು ಸಾಲದು, ಹತ್ತು ಎಣಿಸಿ. ಕೈ ಸುಮ್ಮನಿರದಿದ್ದರೆ ಬೋರ್ಡ್ ಒರೆಸುತ್ತ ಬೆನ್ನು ತಿರುಗಿಸಿ ನಿಲ್ಲಿ. ನಿಮ್ಮ ಮುಖ ಕಾಣದಿದ್ದರೆ ಪರಸ್ಪರ ಮಾತಾಡುತ್ತಾರೆ.

7ನೇ ಅಧ್ಯಾಯಕ್ಕೆ ಎರಡು ವೃತ್ತ

ಪ್ಲಾಜಾ ಹೋಟೆಲಿನ ದೃಶ್ಯಕ್ಕೆ, ಅಂದರೆ 11ನೇ ದಿನ, ಕುರ್ಚಿಗಳನ್ನು ಎರಡು ಸುತ್ತು ಹಾಕಿ. ಒಳಗೆ ಏಳು, ಗುಂಪಿಗೊಬ್ಬರು. ಹೊರಗೆ 21, ಪ್ರತಿ ಒಳಗಿನವರ ಬೆನ್ನಿಗೆ ಅವರದೇ ಗುಂಪಿನ ಮೂವರು. ಒಳಗಿನವರು ಮಾತ್ರ ಮಾತಾಡಬೇಕು. ಹೊರಗಿನವರು ಚೀಟಿಯಲ್ಲಿ ಪ್ಯಾರಾ ಸಂಖ್ಯೆ ಬರೆದು ಮುಂದೆ ದಾಟಿಸಬಹುದು, ಪಿಸುಗುಟ್ಟುವಂತಿಲ್ಲ. ಹತ್ತು ಹತ್ತು ನಿಮಿಷಕ್ಕೆ ಒಳಗಿನವರು ಬದಲಾದರೆ 40 ನಿಮಿಷದಲ್ಲಿ ಎಲ್ಲರಿಗೂ ಸರದಿ ಬರುತ್ತದೆ. ಪ್ರಶ್ನೆ ಒಂದೇ: ಆ ಕೋಣೆಯಲ್ಲಿ ಗ್ಯಾಟ್ಸ್‌ಬಿ ಸೋತ ಗಳಿಗೆ ಯಾವುದು? ತಾನು ಟಾಮ್‌ನನ್ನೂ ಪ್ರೀತಿಸಿದ್ದೆ ಎಂದು ಡೈಸಿ ಹೇಳಿದ್ದೋ, ಔಷಧಿ ಅಂಗಡಿಗಳಲ್ಲಿ ಕದ್ದು ಮದ್ಯ ಮಾರುವ ಗ್ಯಾಟ್ಸ್‌ಬಿಯ ಗುಟ್ಟನ್ನು ಟಾಮ್ ಬಿಚ್ಚಿದ್ದೋ, ಅಥವಾ ಗೆದ್ದ ಟಾಮ್ ಅವರಿಬ್ಬರನ್ನೂ ಒಂದೇ ಕಾರಿನಲ್ಲಿ ಧೈರ್ಯವಾಗಿ ಕಳಿಸಿಕೊಟ್ಟದ್ದೋ? ಪ್ರತಿ ಸರದಿಯ ಕೊನೆಗೆ ಒಂದೊಂದು ಪ್ಯಾರಾ ಸಂಖ್ಯೆ ಬೋರ್ಡಿಗೆ ಬೀಳಲಿ.

ಚುಚ್ಚುವ ಭಾಗಗಳು

1ನೇ ಅಧ್ಯಾಯದಲ್ಲಿ ಟಾಮ್ ಬಿಳಿಯರ ಮೇಲುಗಾರಿಕೆ ಮುಳುಗಿಹೋಗುತ್ತಿದೆ ಎಂದು ಒಂದು ಪುಸ್ತಕದ ಹೆಸರು ಹೇಳಿ ಕೂಗಾಡುತ್ತಾನೆ. ಅವನು ಹೇಳುವ ‘ಗೊಡಾರ್ಡ್’ 1920ರಲ್ಲಿ ಅಂಥದೇ ಪುಸ್ತಕ ಬರೆದ ಲೋಥ್ರಾಪ್ ಸ್ಟೊಡಾರ್ಡ್‌ನ ಹೆಸರನ್ನು ತಿರುಚಿದ್ದು. ಅಮೆರಿಕ ವಲಸೆಗೆ ಕಟ್ಟುನಿಟ್ಟಿನ ಮಿತಿ ಹಾಕಿದ ಕಾಯ್ದೆ ಬಂದದ್ದು 1924ರಲ್ಲಿ, ಕಾದಂಬರಿ ಹೊರಬರುವ ಹಿಂದಿನ ವರ್ಷ. ಟಾಮ್‌ನನ್ನು ಲೇಖಕ ಗೇಲಿ ಮಾಡುತ್ತಿದ್ದಾನೆ ಎಂದು ಮಕ್ಕಳು ಬೇಗ ಗುರುತಿಸುತ್ತಾರೆ. ಕಷ್ಟದ ಜಾಗ 4ನೇ ಅಧ್ಯಾಯ. ಅಲ್ಲಿ ಯಹೂದಿ ವುಲ್ಫ್‌ಶೈಮ್‌ನ ಮೂಗು, ಉಚ್ಚಾರಣೆಗಳನ್ನು, ಸೇತುವೆ ಮೇಲೆ ಕಾರಿನಲ್ಲಿ ಹೋಗುವ ಕರಿಯ ಜನರನ್ನು ಬಣ್ಣಿಸುವುದು ಟಾಮ್ ಅಲ್ಲ, ನಮ್ಮ ನಿಕ್. ‘ಇಲ್ಲಿ ನಗುತ್ತಿರುವವರು ಯಾರು, ಯಾರನ್ನು ನೋಡಿ?’ ಎಂದು ಎರಡೂ ಅಧ್ಯಾಯಗಳನ್ನು ಪಕ್ಕಪಕ್ಕ ಇಟ್ಟು ಕೇಳಿ. ಕ್ಲಾಸಿನಲ್ಲಿರುವ ಒಬ್ಬ ಯಹೂದಿ ಅಥವಾ ಕರಿಯ ವಿದ್ಯಾರ್ಥಿಯ ಕಡೆ ತಿರುಗಿ ‘ನಿಮಗೆ ಹೇಗನ್ನಿಸುತ್ತದೆ’ ಎಂದು ಮಾತ್ರ ಕೇಳಬೇಡಿ. ಇಡೀ ಸಮುದಾಯದ ವಕೀಲಿಕೆ ಅವರ ತಲೆಗೆ ಕಟ್ಟಿದಂತಾಗುತ್ತದೆ. 2ನೇ ಅಧ್ಯಾಯದಲ್ಲಿ ಯಹೂದಿಗಳನ್ನು ಕುರಿತ ಒಂದು ಬೈಗುಳವೂ ಇದೆ, ಟಾಮ್ ಮರ್ಟಲ್‌ಳ ಮೂಗು ಮುರಿಯುವ ಹೊಡೆತವೂ ಇದೆ. ಗಟ್ಟಿ ಓದಿಗೆ ಆ ಸಾಲುಗಳನ್ನು ಆರಿಸಬೇಡಿ. ಆ ಪುಟಗಳ ಬಗ್ಗೆ ಹಿಂದಿನ ದಿನವೇ ಹೇಳಿಡಿ.

ಕೆಡುವ ಇತರ ಬಗೆಗಳು

ಒಬ್ಬಳೇ ಮಾತಾಡುತ್ತಿದ್ದರೆ ಬಾಯಿ ಮುಚ್ಚಿಸಬೇಡಿ, ಮಾತಿನ ನಕ್ಷೆ ಬರೆಯುವ ಕೆಲಸವನ್ನು ಒಂದು ದಿನ ಅವಳಿಗೆ ಕೊಡಿ. ಮಾತಾಡದವರಿಗೆ ‘ನೀನೂ ಏನಾದರೂ ಹೇಳು’ ಎಂದರೆ ಇನ್ನಷ್ಟು ಮುದುರುತ್ತಾರೆ. ಹಿಂದಿನ ದಿನ ಅವರ ಚೀಟಿಯಿಂದ ಒಂದು ವಾಕ್ಯ ಗುರುತು ಮಾಡಿ ‘ನಾಳೆ ಇದನ್ನು ಓದಿ ನೀನೇ ಶುರು ಮಾಡು’ ಎಂದು ಮೊದಲೇ ಹೇಳಿ. ಗುಂಪು ಐದೇ ನಿಮಿಷದಲ್ಲಿ ‘ಆಯ್ತು ಸಾರ್’ ಎಂದರೆ ಪ್ರಶ್ನೆ ಮೆತ್ತಗಿತ್ತು ಎಂದರ್ಥ. ಅವರ ಉತ್ತರಕ್ಕೆ ವಿರುದ್ಧವಾದ ಒಂದು ಪ್ಯಾರಾ ಸಂಖ್ಯೆ ಕಿಸೆಯಲ್ಲಿಟ್ಟುಕೊಂಡಿದ್ದು, ಅಲ್ಲಿ ಬೆರಳಿಟ್ಟು ಮುಂದೆ ಹೋಗಿ.

ಅಂಕ 20ಕ್ಕೆ ಹೀಗೆ ಹಂಚಬಹುದು: ಚೀಟಿಗೆ 6, ಮಾತಿಗೆ 6, ಕೊನೆಯ ಮೌನ ಬರವಣಿಗೆಗೆ 8. ಎಷ್ಟು ಸಲ ಮಾತಾಡಿದರು ಎಂದು ಎಣಿಸಿ ಅಂಕ ಕೊಟ್ಟರೆ ಸಂತೆಯಾಗುತ್ತದೆ. ಸಾಲು ತೋರಿಸಿದ್ದು, ಬೇರೆಯವರ ಮಾತನ್ನು ಮುಂದುವರಿಸಿದ್ದು, ತನ್ನ ಮಾತನ್ನು ತಾನೇ ತಿದ್ದಿಕೊಂಡದ್ದು, ಈ ಮೂರಕ್ಕೆ ಎರಡೆರಡು.

ಅರವತ್ತು ಜನರ ಕ್ಲಾಸಿನಲ್ಲಿ

ಕರ್ನಾಟಕದ ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಪಾಠ ಮಾಡುವವರಿಗೆ 28ರ ಲೆಕ್ಕ ಕನಸಿನ ಮಾತು. ನೆಲಕ್ಕೆ ಬಿಗಿದ ಬೆಂಚುಗಳಿದ್ದರೆ ಮುಂದಿನ ಬೆಂಚಿನ ಇಬ್ಬರು ಹಿಂದಕ್ಕೆ ತಿರುಗಿ ಕೂತರೆ ನಾಲ್ವರ ಗುಂಪು ಸಿದ್ಧ, ಯಾರೂ ಏಳಬೇಕಿಲ್ಲ. 15 ಗುಂಪನ್ನೂ ಒಂದೇ ದಿನ ಕೇಳಲಾಗದು. ದಿನಕ್ಕೆ ಮೂರು ಗುಂಪಿನ ಪಕ್ಕ ಐದೈದು ನಿಮಿಷ ನಿಂತು ಕೇಳಿದರೆ ಐದು ದಿನದಲ್ಲಿ ಎಲ್ಲರನ್ನೂ ಮುಟ್ಟಬಹುದು. ಎರಡು ವೃತ್ತದ ಆಟದಲ್ಲಿ ಒಳಗೆ ಎಂಟು ಜನ ಸಾಕು. ಉಳಿದವರನ್ನು ಎಂಟು ಬಣವಾಗಿ ಒಬ್ಬೊಬ್ಬರ ಬೆನ್ನಿಗೆ ಕೂರಿಸಿ.

ಚರ್ಚೆ ಕನ್ನಡದಲ್ಲಿ ನಡೆಯಲಿ, ಓದುವ ಸಾಲು ಇಂಗ್ಲಿಷಿನದೇ ಇರಲಿ. ಇಂಗ್ಲಿಷಿನಲ್ಲೇ ಮಾತಾಡಬೇಕೆಂದರೆ ಕಾನ್ವೆಂಟಿನಿಂದ ಬಂದ ನಾಲ್ವರ ಸ್ವತ್ತಾಗುತ್ತದೆ ಕ್ಲಾಸು. ಅಲ್ಲದೆ ಕನ್ನಡ ಇಲ್ಲಿ ಒಳ್ಳೆಯ ಸಲಕರಣೆ. ಗ್ಯಾಟ್ಸ್‌ಬಿ ಮಾತುಮಾತಿಗೆ ‘ಓಲ್ಡ್ ಸ್ಪೋರ್ಟ್’ ಎನ್ನುತ್ತಾನೆ. ಅದನ್ನು ಕನ್ನಡದಲ್ಲಿ ಏನೆನ್ನುತ್ತೀರಿ ಎಂದು ಗುಂಪುಗಳಿಗೆ ಬಿಡಿ. ‘ಗುರೂ’ ಎಂದರೆ ಬೆಂಗಳೂರು-ಮೈಸೂರಿನ ಬೀದಿ ಬಂತು. ‘ಮಾರಾಯ’ ಎಂದರೆ ಕರಾವಳಿ, ಮಲೆನಾಡು. ‘ದೋಸ್ತ’ ಎಂದರೆ ಧಾರವಾಡದ ಕಡೆ. ಎಲ್ಲವೂ ನಿಜವಾದ ಸಲಿಗೆಯ ಮಾತು. ಗ್ಯಾಟ್ಸ್‌ಬಿಯದು ಎರವಲು ತಂದ ಠೀವಿ. 7ನೇ ಅಧ್ಯಾಯದಲ್ಲಿ ‘ಇದನ್ನೆಲ್ಲಿ ಕಲಿತೆ?’ ಎಂದು ಟಾಮ್ ರೇಗುವುದು ಅದಕ್ಕೇ. ಕನ್ನಡದಲ್ಲಿ ಎರವಲು ಠೀವಿ ಹೇಗೆ ಕೇಳಿಸುತ್ತದೆ ಎಂದು ಹುಡುಕುವಷ್ಟರಲ್ಲಿ ಪಾತ್ರ ಅರ್ಧ ಅರ್ಥವಾಗಿರುತ್ತದೆ.

14ನೇ ದಿನ

ಇಡೀ ಕ್ಲಾಸಿಗೆ ಒಂದೇ ಹಾಳೆ ಹಂಚಿ. 9ನೇ ಅಧ್ಯಾಯದಲ್ಲಿ ಗ್ಯಾಟ್ಸ್‌ಬಿಯ ತಂದೆ ತಂದು ತೋರಿಸುವ, ಹಳೆಯ ಪುಸ್ತಕದ ಕೊನೆಯ ಖಾಲಿ ಹಾಳೆಯ ಮೇಲೆ ಹುಡುಗ ಬರೆದಿಟ್ಟ ದಿನಚರಿ ಅದು. ದಿನಾಂಕ 1906ರ ಸೆಪ್ಟೆಂಬರ್ 12. ಬೆಳಗ್ಗೆ 6ಕ್ಕೆ ಏಳುವುದು, ಡಂಬೆಲ್ ಮತ್ತು ಗೋಡೆ ಹತ್ತುವ ವ್ಯಾಯಾಮ, ವಿದ್ಯುತ್ತಿನ ಬಗ್ಗೆ ಓದು, ಸಂಜೆ 5ರಿಂದ 6 ಮಾತಿನ ಅಭ್ಯಾಸ. ಕೆಳಗೆ ಸಂಕಲ್ಪಗಳು: ಸಿಗರೇಟು ಬಿಡುವುದು, ದಿನ ಬಿಟ್ಟು ದಿನ ಸ್ನಾನ, ಅಪ್ಪ-ಅಮ್ಮನ ಜೊತೆ ಇನ್ನಷ್ಟು ಚೆನ್ನಾಗಿರುವುದು. ಪಕ್ಕದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಆತ್ಮಕಥೆಯಲ್ಲಿ ಕೊಟ್ಟಿರುವ, ಬೆಳಗ್ಗೆ 5ಕ್ಕೆ ಏಳುವ ದಿನಚರಿಯನ್ನೂ ಅಚ್ಚು ಹಾಕಿಸಿ. ಹತ್ತು ನಿಮಿಷ ಎರಡನ್ನೂ ಹೋಲಿಸಲಿ.

ಆಮೇಲೆ ಹುಡುಗನ ಸಂಕಲ್ಪಗಳಲ್ಲಿ ಒಂದು ಸಾಲಿನ ಮೇಲೆ ಎಲ್ಲರೂ ಬೆರಳಿಡಲಿ. ವಾರಕ್ಕೆ 5 ಡಾಲರ್ ಉಳಿಸುವುದು ಎಂದು ಬರೆದು, ಅದನ್ನು ಹೊಡೆದುಹಾಕಿ, 3 ಎಂದು ತಿದ್ದಿದ್ದಾನೆ. ಪ್ರಶ್ನೆ ಬೋರ್ಡಿನ ಮೇಲೆ ಬರೆದು ಹಿಂದಿನ ಬೆಂಚಿಗೆ ಹೋಗಿ ಕೂತುಬಿಡಿ: ಐದನ್ನು ಮೂರು ಮಾಡಿಕೊಳ್ಳಬಲ್ಲ ಈ ಹುಡುಗ ದೊಡ್ಡವನಾದ ಮೇಲೆ ಡೈಸಿಯ ವಿಷಯದಲ್ಲಿ ಯಾಕೆ ಒಂದು ಪೈಸೆಯನ್ನೂ ಕಡಿಮೆ ಮಾಡಿಕೊಳ್ಳಲಿಲ್ಲ?